ಅಬ್ನರ್ ಗೋಯಿನ್ಸ್‌ನ ಗುರಿ

ನಾನು ಮಾಡಿದ ಕೋವಿಗಳ ಬಗ್ಗೆ ನಮ್ಮ ಬೆಟ್ಟದಲ್ಲಿ ಜನ ನಾನಾ ಥರ ಹೇಳುತ್ತಾರೆ. ಎಲ್ಲವೂ ನಿಜ, ಯಾಕೆಂದರೆ ಅವರಿಗೆ ಹೇಳಿದವನು ನಾನೇ. ಒಬ್ಬ ಎತ್ತರದ ಗಿರಾಕಿಗೆ ಉದ್ದದ ಕೋವಿ ಮಾಡಿಕೊಟ್ಟಿದ್ದೆ. ಅದರ ನಳಿಗೆ ಎಷ್ಟು ಉದ್ದವಿತ್ತೆಂದರೆ, ಅವನು ಎಳೆಯ ಜಿಂಕೆ ನೋಡಿ ಗುಂಡು ಹಾರಿಸಿದರೆ, ಗುಂಡು ನಳಿಗೆ ದಾಟಿ ಹೊರಗೆ ಬರುವಷ್ಟರಲ್ಲಿ ಜಿಂಕೆಗೆ ವಯಸ್ಸಾಗಿ, ಮೊಮ್ಮಕ್ಕಳನ್ನು ಕಂಡು, ತಾನಾಗಿಯೇ ಸತ್ತಿರುತ್ತಿತ್ತು. ಮುದಿ ಜಿಂಕೆಯ ಮಾಂಸ ಬೇಯುವುದಿಲ್ಲ ಎಂದು ಅವನು ಕೋವಿ ವಾಪಸು ತಂದ. ಇನ್ನೊಂದರಲ್ಲಿ ನಳಿಗೆಯ ಒಳಗಿನ ಸುರುಳಿ ಗೆರೆಯನ್ನು ಸ್ವಲ್ಪ ಜಾಸ್ತಿ ತಿರುವಿಬಿಟ್ಟಿದ್ದೆ. ಅದರ ಗುಂಡು ತಲೆಸುತ್ತು ಬಂದು, ಗುಡ್ಡವನ್ನೊಂದು ಸುತ್ತು ಹಾಕಿ, ಹೊಡೆದವನ ಟೋಪಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿತ್ತು.

ಇಂಥ ಮಾತಿಗೆ ಕಿವಿ ಬೇಕು. ನನ್ನ ಹೆಂಡತಿ ಕಿಜಾಯಾ ಇರುವವರೆಗೆ ಮನೆಯಲ್ಲಿ ಅವಳ ಕಿವಿ ಇತ್ತು. ಅವಳು ಹೋದ ಮೇಲೆ ಕುಲುಮೆಯ ಬೆಂಕಿಗೆ ಹೇಳಿ ನೋಡಿದೆ, ಹೇಸರಗತ್ತೆಗೆ ಹೇಳಿ ನೋಡಿದೆ. ಬೆಂಕಿ ಅರ್ಧ ಕತೆಗೇ ಆರಿಹೋಗುತ್ತಿತ್ತು. ಹೇಸರಗತ್ತೆ ಮೊದಲಿನಿಂದಲೂ ನನ್ನನ್ನು ನಂಬಿದ್ದಿಲ್ಲ. ಕೆರೊಲಿನಾದ ಈ ಮೇಲುಗುಡ್ಡದಿಂದ ಹಿಟ್ಟಿನ ಗಿರಣಿಗೆ ಇಳಿದು ಬರುವುದೆಂದರೆ ಒಂದು ದಿನದ ಕೆಲಸ. ಚಳಿಗಾಲದಲ್ಲಿ ಮನುಷ್ಯರ ಮುಖ ನೋಡಬೇಕೆನಿಸಿದರೆ ನೀರಿನ ತೊಟ್ಟಿಗೆ ಬಗ್ಗಿ ನೋಡಬೇಕು. ಹಾಗೆ ಬಗ್ಗಿ, "ಹೇಗಿದೀಯಪ್ಪಾ" ಎಂದು ಕೇಳಿದ ದಿನಗಳೂ ಇವೆ. ಅವನೂ ಅದನ್ನೇ ಕೇಳುತ್ತಿದ್ದ, ಉತ್ತರ ಇಬ್ಬರಲ್ಲೂ ಇರಲಿಲ್ಲ.

ಉಳಿದಿದ್ದು ಅಬ್ನರ್ ಗೋಯಿನ್ಸ್ ಒಬ್ಬ. ಅವನ ಮನೆ ಕಣಿವೆಯ ಆಚೆ ದಡದಲ್ಲಿ. ಕೂಗಿದರೆ ಕೇಳುತ್ತದೆ, ಆದರೆ ಇಳಿದು, ಹೊಳೆ ದಾಟಿ, ಮತ್ತೆ ಹತ್ತುವಷ್ಟರಲ್ಲಿ ಬೆಳಗ್ಗೆ ತಿಂದಿದ್ದು ಅರಗಿ ಮಧ್ಯಾಹ್ನದ ಹಸಿವಾಗುತ್ತದೆ. ಅಬ್ನರ್ ಕರಿಯ. ಆದರೆ ಯಾರ ಆಳೂ ಅಲ್ಲ, ಸ್ವತಂತ್ರನಾಗಿಯೇ ಹುಟ್ಟಿದವನು, ಅವನ ಅಪ್ಪನೂ ಹಾಗೆಯೇ. ಆ ಅಪ್ಪ ಇಂಗ್ಲೆಂಡಿನ ರಾಜನ ವಿರುದ್ಧದ ಯುದ್ಧಕ್ಕೆ ತನ್ನದೇ ಕೋವಿ ಹೊತ್ತು ಹೋಗಿ, ಅದನ್ನು ಹೊತ್ತುಕೊಂಡೇ ವಾಪಸು ಬಂದಿದ್ದ. ಕೋವಿ ಮಗನಿಗೆ ಬಂತು. ನಳಿಗೆ ಸವೆದಾಗ ಒಳಗೆ ಹೊಸದಾಗಿ ಗೆರೆ ಕೊರೆಸಲು ಅವನು ನನ್ನ ಕುಲುಮೆಗೆ ಬಂದ. ನಮ್ಮ ಪರಿಚಯ ಆಗಿದ್ದು ಹಾಗೆ.

ಗೆರೆ ಕೊರೆಯುವುದು ಬಹಳ ಬೇಜಾರಿನ ಕೆಲಸ. ಉದ್ದದ ಬೆಂಚಿಗೆ ನಳಿಗೆಯನ್ನು ಕಟ್ಟಿ, ಸುರುಳಿ ಕೆತ್ತಿದ ಮರದ ದಿಂಡನ್ನು ಎಳೆಯಬೇಕು, ತಳ್ಳಬೇಕು, ಮತ್ತೆ ಎಳೆಯಬೇಕು. ದಿಂಡಿನ ಮುಂದಿನ ಸರಳಿನ ತುದಿಯಲ್ಲಿ ಉಗುರಿನಷ್ಟು ಉಳಿ ಇರುತ್ತದೆ, ಒಂದು ಎಳೆತಕ್ಕೆ ಕೂದಲಿನಷ್ಟು ಕಬ್ಬಿಣ ಕೀಳುತ್ತದೆ. ಆ ಗೆರೆ ಇಲ್ಲದ ನಳಿಗೆಯಿಂದ ಗುಂಡು ಕುಡುಕನ ಹಾಗೆ ಹೋಗುತ್ತದೆ, ಗೆರೆ ಇದ್ದರೆ ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ಒಬ್ಬನೇ ಮಾಡಬಹುದಾದ ಕೆಲಸವೇ. ಆದರೂ ಶನಿವಾರ ಶನಿವಾರ ಅಬ್ನರ್ ಕಣಿವೆ ದಾಟಿ ಬಂದು ದಿಂಡು ಎಳೆಯುತ್ತಿದ್ದ, ನಾನು ಎಣ್ಣೆ ಬಿಡುತ್ತಾ ಸುಳ್ಳು ಬಿಡುತ್ತಿದ್ದೆ. ಅವನು ನಗುತ್ತಿರಲಿಲ್ಲ. ಕತೆ ನಿಂತರೆ ದಿಂಡು ನಿಲ್ಲಿಸಿ, "ಮುಂದೆ?" ಎನ್ನುತ್ತಿದ್ದ. ಅಷ್ಟು ಸಾಕಿತ್ತು ನನಗೆ. ಅವನು ಮಾತ್ರ ಸುಳ್ಳು ಹೇಳಿದವನಲ್ಲ. ಸಂಜೆ ಮಳೆ ಬರುತ್ತದೆ ಎಂದು ಅವನು ಬಾಯಿ ತಪ್ಪಿ ಹೇಳಿದರೆ, ಅವನ ಮಾತು ಸುಳ್ಳಾಗಬಾರದೆಂದು ಮೋಡಗಳು ಟೆನೆಸ್ಸಿ ಕಡೆಯಿಂದ ಓಡೋಡಿ ಬರುತ್ತಿದ್ದವು.

ಆಗ ಎಲ್ಲರೂ ಚಕಮಕಿ ಕಲ್ಲಿನ ಕೋವಿ ಬಿಟ್ಟು ಕೇಪಿನ ಕೋವಿಗೆ ಬದಲಾಗುತ್ತಿದ್ದ ಕಾಲ. ನನ್ನ ಬೆಂಚಿನ ಮೇಲೆ ಅದೇ ಕೆಲಸ. ಕಲ್ಲು ಕಚ್ಚುವ ಕುದುರೆ ಕಿತ್ತು, ಪಕ್ಕದ ಮದ್ದಿನ ಬಟ್ಟಲು ತೆಗೆದು, ಬಡಿದರೆ ಕಿಡಿ ಹಾರುವ ತಾಮ್ರದ ಪುಟ್ಟ ಕೇಪು ಕೂರಿಸುವ ಮೊಳೆ ಹಾಕಿಕೊಡುವುದು.

"ನಿಂದಕ್ಕೂ ಹಾಕ್ಕೊಡ್ತೀನಿ ಕೊಡೋ," ಎಂದೆ. "ಮಳೇಲಿ ನಿನ್ ಕೋವಿ ಕೆಮ್ಮುತ್ತೆ, ನಂದು ಹಾಡುತ್ತೆ."

"ಕೇಪು ಎಲ್ಲಿ ಸಿಗುತ್ತೆ?" ಎಂದ ಅಬ್ನರ್.

"ಗಿರಣಿ ಪಕ್ಕದ ಅಂಗಡೀಲಿ."

"ಅಂಗಡಿಯವ್ನು ಕೊಡಲ್ಲ ಅಂದ್ರೆ?"

"ಯಾಕೆ ಅಂತಾನೆ?"

"ಅಂದ್ರೆ ಅಂತ ಕೇಳ್ದೆ. ಕಲ್ಲು ಹೊಳೇಲಿ ಬಿದ್ದಿದೆ, ಆಮೋಸ್. ಹೊಳೆ ನನ್ ಮುಖ ನೋಡ್ಕೊಂಡು ಕಲ್ಲು ಕೊಡಲ್ಲ."

ಈ ಮಾತಾಡಿ ಹೆಚ್ಚು ದಿನ ಆಗಿರಲಿಲ್ಲ. ಗಿರಣಿಗೆ ಹೋದಾಗ ಸುದ್ದಿ ಸಿಕ್ಕಿತು. ರಾಜಧಾನಿಯಲ್ಲಿ ಹೊಸ ಕಾನೂನು ಮಾಡಿದ್ದಾರಂತೆ. ಸ್ವತಂತ್ರ ಕರಿಯ ಯಾರೇ ಆಗಲಿ, ಕೋವಿ ಇಟ್ಟುಕೊಳ್ಳಬೇಕಾದರೆ ಕೌಂಟಿಯ ಕೋರ್ಟಿನ ಚೀಟಿ ಬೇಕು. ಚೀಟಿ ಒಂದು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ಹೋಗಿ ಕೈ ಕಟ್ಟಿ ನಿಲ್ಲಬೇಕು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಕಟಕಟೆ.

ಅಬ್ನರ್‌ಗೆ ಹೇಳಿದಾಗ ಅವನು ದಿಂಡು ಎಳೆಯುವುದನ್ನು ನಿಲ್ಲಿಸಲಿಲ್ಲ.

"ಜನಕ್ಕೆ ಆಯುಧ ಹಿಡಿಯೋ ಹಕ್ಕುಂಟು ಅಂತ ನಮ್ ಸಂವಿಧಾನದಲ್ಲೇ ಬರ್ದಿದೆಯಂತಲ್ಲೋ," ಎಂದೆ. "ಗಿರಣಿ ಹತ್ರ ಕುಡಿದೋರೆಲ್ಲ ಅದನ್ನೇ ಕೂಗ್ತಿರ್ತಾರೆ."

"ಗೊತ್ತು. ಅಪ್ಪನೂ ಹೇಳ್ತಿದ್ದ."

"ಮತ್ತೆ?"

"ಜನ ಅಂತ ಬರ್ದಿದೆ. ಯಾರ್ಯಾರು ಜನ ಅಂತ ಈಗ ಆರಿಸ್ತಾ ಇದಾರೆ." ಒಂದು ಎಳೆತ ಮುಗಿಸಿ ಅವನು ಕೈ ಒರೆಸಿಕೊಂಡ. "ನೋಡು, ಕೋವಿ ಇಲ್ದೆ ಈ ಗುಡ್ಡದಲ್ಲಿ ಒಂದು ಚಳಿಗಾಲ ಕಳೆಯಕ್ಕಾಗಲ್ಲ. ಜೋಳ ಕರಡಿ ತಿನ್ನುತ್ತೆ, ಹಂದಿಮರಿ ತೋಳ ತಿನ್ನುತ್ತೆ, ನಾನೇನು ತಿನ್ಲಿ? ಉತ್ತರದಲ್ಲಿ, ಇಂಡಿಯಾನಾದಲ್ಲಿ ನನ್ ತಂಗಿ ಇದಾಳೆ, ಅಲ್ಲಿ ಈ ಚೀಟಿ ಇಲ್ಲ. ಚೀಟಿ ಕೊಟ್ರೆ ಇರ್ತೀನಿ, ಕೊಡ್ಲಿಲ್ಲ ಅಂದ್ರೆ ಹೊರಡ್ತೀನಿ."

ಚೀಟಿ ಕೊಡಬೇಕಾದರೆ, ಇವನು ಒಳ್ಳೆಯವನು ಎಂದು ಹೇಳಲು ನೆರೆಯ ಬಿಳಿಯನೊಬ್ಬ ಬರಬೇಕು. ಅವನಿಗೆ ನೆರೆ ಎಂದರೆ ನಾನು. ನನ್ನ ಬಿಟ್ಟರೆ ಕರಡಿ.

ನಾನು ಅವತ್ತೇ ತೀರ್ಮಾನ ಮಾಡಿದೆ, ಕೋರ್ಟಿನಲ್ಲಿ ನಿಜ ಬಿಟ್ಟು ಬೇರೆ ಏನೂ ಹೇಳಬಾರದು ಎಂದು. ಅಭ್ಯಾಸ ಇಲ್ಲದ ಕೆಲಸ, ಮನೆಯಲ್ಲಿ ಸ್ವಲ್ಪ ರೂಢಿ ಮಾಡಿಕೊಳ್ಳೋಣ ಎಂದು ಶುರು ಮಾಡಿದೆ. "ಇವತ್ತು ಮೋಡ ಆಗಿದೆ," ಎಂದು ಹೇಸರಗತ್ತೆಗೆ ಹೇಳಿದೆ. ಅದು ಕತ್ತೆತ್ತಿ ಆಕಾಶ ನೋಡಿತು. ನಂತರ ನನ್ನನ್ನು ನೋಡಿತು. ನನಗೆ ಜ್ವರ ಬಂದಿದೆ ಎಂದುಕೊಂಡಿರಬೇಕು, ಅವತ್ತಿಡೀ ಒದೆಯಲಿಲ್ಲ.

ಕೋರ್ಟೆಂದರೆ ಮರದ ದಿಮ್ಮಿಗಳ ಒಂದು ಮನೆ. ಮೂರು ಜನ ಮ್ಯಾಜಿಸ್ಟ್ರೇಟರು. ನಡುವೆ ಕೂತವನು ಗಿರಣಿಯ ಯಜಮಾನ ಟ್ರಿಪ್ಲೆಟ್, ದಪ್ಪ ಹೊಟ್ಟೆ, ನಗುವುದೆಂದರೆ ಪ್ರಾಣ. ಎಡಗಡೆ ಮುದುಕ ಮೂಡಿ, ನಗುವುದೆಂದರೆ ಹಲ್ಲುನೋವು. ಬಲಗಡೆಯವನು ನಿದ್ದೆ ಮಾಡುತ್ತಿದ್ದ, ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕೋರ್ಟಿನ ದಿನವೆಂದು ಬೆಟ್ಟದ ಸುತ್ತಿನ ಗಂಡಸರೆಲ್ಲ ಬಂದು ಗೋಡೆಗೆ ಒರಗಿ ಹೊಗೆಸೊಪ್ಪು ಜಗಿಯುತ್ತಿದ್ದರು. ಅಬ್ನರ್ ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕೋವಿಯನ್ನು ಹೊರಗೆ ಗಾಡಿಯಲ್ಲಿ ಬಿಟ್ಟು ಬಂದಿದ್ದ.

"ಏನ್ ಆಮೋಸ್ ಮಾಮ, ಇವತ್ತು ಯಾವ್ ಕತೆ?" ಎಂದ ಟ್ರಿಪ್ಲೆಟ್.

"ಇವತ್ತು ಕತೆ ಇಲ್ಲಪ್ಪಾ. ನಿಜ ಹೇಳಕ್ಕೆ ಬಂದಿದೀನಿ," ಎಂದೆ.

ನಾನು ಜೀವಮಾನದಲ್ಲಿ ಹೇಳಿದ ಯಾವ ಮಾತಿಗೂ ಜನ ಅಷ್ಟು ನಕ್ಕಿಲ್ಲ. ಟ್ರಿಪ್ಲೆಟ್ ಮೇಜು ಗುದ್ದಿದ. ನಿದ್ದೆ ಮಾಡುತ್ತಿದ್ದವನು ಎದ್ದು, ಏನೆಂದು ಕೇಳಿ, ನಕ್ಕು, ಮತ್ತೆ ಮಲಗಿದ.

ನಗು ನಿಲ್ಲುವ ತನಕ ಕಾದೆ. ಆಮೇಲೆ ಹೇಳಿದೆ. ಅಬ್ನರ್ ಕದ್ದವನಲ್ಲ, ಕುಡಿದು ಗಲಾಟೆ ಮಾಡಿದವನಲ್ಲ, ಅವನ ಅಪ್ಪ ಈ ದೇಶಕ್ಕಾಗಿ ಇದೇ ಕೋವಿ ಹಿಡಿದವನು. ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಆದರೆ ಟ್ರಿಪ್ಲೆಟ್ ಕೇಳಿದ, "ಸರಿ ಮಾಮ, ಅವ್ನಿಗೆ ಕೋವಿ ಇದ್ರೆ ನಿಮ್ಗೇನು ಲಾಭ?"

ಲಾಭ ಏನೆಂದರೆ ನಾನು ಜೀವಂತ ನಿಂತಿದ್ದೇನೆ. ಅದನ್ನೂ ಹೇಳಿದೆ. ಹಿಂದಿನ ವರ್ಷ ಕೋವಿ ಮದ್ದಿಗೆ ಬೇಕಾದ ಉಪ್ಪಿನಮಣ್ಣು ತರಲು ಕಣಿವೆಯ ಗವಿಗೆ ಹೋಗಿದ್ದೆ. ಬರುವಾಗ ಜಾರಿ, ಕಾಲು ಎರಡು ಬಂಡೆಯ ನಡುವೆ ಸಿಕ್ಕಿಕೊಂಡಿತು. ಗವಿ ತನ್ನದು ಎಂದುಕೊಂಡಿದ್ದ ಒಂದು ಕರಡಿ, ಮರಿಗಳ ಸಮೇತ, ಮೇಲಿನಿಂದ ಇಳಿದು ಬಂತು. ನಾನು ಕೂಗಿದೆ. ಅಬ್ನರ್ ಆಚೆ ದಡದಲ್ಲಿದ್ದ. ಇಳಿದು ಹತ್ತಿ ಬರುವಷ್ಟರಲ್ಲಿ ಕರಡಿ ನನ್ನನ್ನು ತಿಂದು ಕೈ ತೊಳೆದುಕೊಂಡಿರುತ್ತಿತ್ತು. ಅವನು ಅಲ್ಲಿಂದಲೇ, ಕಣಿವೆಯ ಮೇಲಿನ ಗಾಳಿಯಲ್ಲಿ, ಒಂದೇ ಗುಂಡು ಹೊಡೆದ. ಕರಡಿ ನನ್ನ ಕಾಲ ಹತ್ತಿರವೇ ಬಿತ್ತು.

"ಗುಂಡು ಗುಡ್ಡ ಸುತ್ತಿ ಬಂತಾ ಮಾಮ?" ಎಂದು ಗೋಡೆಯ ಕಡೆಯಿಂದ ಯಾರೋ ಕೇಳಿದರು.

"ಇಲ್ಲ. ನೆಟ್ಟಗೆ ಬಂತು."

ಮತ್ತೆ ನಗು. "ಕರಡಿ ತಲೆಬುರುಡೆ ಮನೇಲಿದೆ, ತೂತಿದೆ, ಬಂದು ನೋಡಿ," ಎಂದೆ. "ತೂತು ಕೊರೆಯೋ ಉಳಿನೂ ನಿಮ್ ಮನೇಲೇ ಇದೆಯಲ್ಲ," ಎಂದ ಟ್ರಿಪ್ಲೆಟ್, ಕಣ್ಣು ಒರೆಸಿಕೊಳ್ಳುತ್ತಾ.

ಮೂಡಿ ಮಾತ್ರ ನಗಲಿಲ್ಲ. ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ಬಗ್ಗಿದ.

"ಆಮೋಸ್ ಪ್ರೂಯಿಟ್, ಇದು ಸುಳ್ಳಾದ್ರೆ ನಿನ್ ಸಾಕ್ಷಿ ಬಿದ್ದೋಯ್ತು. ನಿಜವಾದ್ರೆ ಇನ್ನೂ ಕಷ್ಟ. ಒಂದು ಕಣಿವೆ ಆಚೆಯಿಂದ ಹೊಡೆದು ಬೀಳ್ಸೋ ಕರಿಯನ ಕೈಗೆ ಕೋವಿ ಕೊಟ್ಟು, ನಾವು ಮನೆಗೆ ಹೋಗಿ ಹೇಗಪ್ಪಾ ನಿದ್ದೆ ಮಾಡೋದು? ಎರಡ್ರಲ್ಲಿ ಯಾವ್ದು, ಹೇಳು."

ಗೋಡೆಗೆ ಒರಗಿದವರು ಜಗಿಯುವುದನ್ನು ನಿಲ್ಲಿಸಿದ್ದರು. ಇಷ್ಟು ಹೊತ್ತು ಅವರಿಗೆ ತಮಾಷೆ, ಈಗ ಎಲ್ಲರೂ ಅಬ್ನರ್‌ನ ಕೈಗಳನ್ನು ನೋಡುತ್ತಿದ್ದರು.

"ದೊರೆ, ನಾನೊಂದು ಮಾತು ಹೇಳ್ಬೋದಾ?" ಎಂದ ಅಬ್ನರ್. ಕುಲುಮೆಯಲ್ಲಿ ನನ್ನನ್ನು ನೀನು ಎನ್ನುವ ಗಂಟಲು ಅದಲ್ಲ, ಬೇರೆಯದೇ. "ಪ್ರೂಯಿಟ್ ದೊರೆಗಳದ್ದು ದೊಡ್ಡ ಮನಸ್ಸು. ನನ್ನ ಮರ್ಯಾದೆ ಉಳಿಸಕ್ಕೆ ಹಾಗಂತಾರೆ. ಕರಡಿಗೆ ಗುರಿ ಇಟ್ಟಿದ್ದೇನೋ ಹೌದು. ತಗಲಿದ್ದು ಅವರ ತಲೆ ಮೇಲಿದ್ದ ಮರಕ್ಕೆ. ಸದ್ದಿಗೆ ಕರಡಿ ಓಡೋಯ್ತು. ನಂಗೆ ಕೋವಿ ಬೇಕಾಗಿರೋದು ಸದ್ದಿಗೇ, ದೊರೆ. ನಾನು ಹೊಡೀತೀನಿ ಅಂತ ಗೊತ್ತಾದ್ರೆ ಸುತ್ತಲಿನ ಕಾಗೆಗಳೆಲ್ಲ ನಮ್ ಹೊಲಕ್ಕೇ ಬರ್ತವೆ, ಇಲ್ಲಿದ್ರೆ ಜೀವಕ್ಕೆ ಅಪಾಯ ಇಲ್ಲ ಅಂತ."

ಅದು ಅವನು ಹೇಳಿದ ಮೊದಲ ಸುಳ್ಳು. ಎಂಥ ಚೆನ್ನಾಗಿ ಕಟ್ಟಿದ ಸುಳ್ಳು. ಶನಿವಾರಗಳಲ್ಲಿ ಅವನು ನಗದೆ ಕೂತು ಏನು ಕಲಿತಿದ್ದ ಎಂದು ನನಗೆ ಆಗ ಗೊತ್ತಾಯಿತು.

ಟ್ರಿಪ್ಲೆಟ್‌ನ ಹೊಟ್ಟೆ ಕುಣಿಯತೊಡಗಿತು. "ಹೌದಾ ಮಾಮ?"

ಅಬ್ನರ್ ನನ್ನನ್ನು ನೋಡಿದ. ಕತೆ ನಿಂತಾಗ ನೋಡುತ್ತಿದ್ದನಲ್ಲ, ಹಾಗೆ. ನಾನು ಮುಂದುವರಿಸಿದೆ. ಹೌದು, ಅಬ್ನರ್ ಕೋವಿ ಎತ್ತಿದರೆ ಜಿಂಕೆಗಳು ಅವನ ಎದುರಿಗೆ ಬಂದು ನಿಲ್ಲುತ್ತವೆ, ಪಕ್ಕಕ್ಕೆ ನಿಂತರೆ ಅಪಾಯ ಎಂದು. ಹೌದು, ಒಮ್ಮೆ ಅವನು ತನ್ನ ಹಂದಿ ಕೊಯ್ಯಲು ಹೊಡೆದಾಗ ಹಂದಿ ಬದುಕಿತು, ಒಲೆಯ ಮೇಲಿದ್ದ ಪಾತ್ರೆ ಸತ್ತಿತು. ಇಡೀ ಕೋರ್ಟು ಬಗ್ಗಿ ಬಗ್ಗಿ ನಕ್ಕಿತು. ಈ ಸಲ ನನ್ನ ಮಾತನ್ನು ಎಲ್ಲರೂ ನಂಬಿದರು.

ಮೂಡಿ ಮಾತ್ರ ಎದ್ದ. "ನೋಡೇಬಿಡೋಣ. ಹೊರಗೆ ನಡಿ."

ಕೋರ್ಟಿನ ಅಂಗಳದಲ್ಲಿ ಒಂದು ದಪ್ಪ ಮರದ ಬೊಡ್ಡೆ ಇದೆ, ಗುರಿ ಪಂದ್ಯದ ದಿನ ಹಲಗೆ ಕಟ್ಟುವುದು ಅದಕ್ಕೇ. ಅದಕ್ಕೊಂದು ಕರಿ ಮಾಡಿದ ಹಲಗೆ ಕಟ್ಟಿದರು. ಅಬ್ನರ್ ಕೋವಿ ತಂದು ಮದ್ದು ತುಂಬಿದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅಳತೆಯ ಕೊಂಬಿನಿಂದ ಮದ್ದು, ಎಣ್ಣೆ ಹಚ್ಚಿದ ಬಟ್ಟೆಯ ಚೂರು, ಅದರ ಮೇಲೆ ಗುಂಡು, ಒಂದೇ ದೂಡಿಗೆ ಕೆಳಗೆ. ಒಂದು ಕಾಳು ಚೆಲ್ಲಲಿಲ್ಲ. ಮೂಡಿಯೂ ಆ ಕೈಯನ್ನೇ ನೋಡುತ್ತಿದ್ದಾನೆ ಎಂದು ಆಗ ಕಂಡಿತು.

ಚಕಮಕಿ ಕೋವಿಯಲ್ಲಿ ಮೊದಲು ಪಕ್ಕದ ಬಟ್ಟಲಿನ ಮದ್ದು ಕಣ್ಣಿನ ಹತ್ತಿರವೇ ಭಗ್ಗೆಂದು ಹತ್ತುತ್ತದೆ, ಒಳಗಿನ ಮದ್ದು ಆಮೇಲೆ. ಆ ಎರಡರ ನಡುವೆ ಒಂದು ಚೂರು ಹೊತ್ತು ಇದೆ. ಆ ಹೊತ್ತಿನಲ್ಲಿ ಅಳುಕಿದವನ ಗುಂಡು ಎಲ್ಲೋ ಹೋಗುತ್ತದೆ, ಅಳುಕದವನು ಗುರಿಕಾರ. ಅಬ್ನರ್ ಅಳುಕಿದ್ದನ್ನು ನಾನು ಕಂಡಿರಲಿಲ್ಲ. ಆ ಬೆಂಕಿ ಅವನಿಗೆ ಮಿಂಚುಹುಳಕ್ಕೆ ಸಮ.

ಕೋವಿ ಎತ್ತಿದ. ಬೆರಳು ಒತ್ತಿದ. ಬಟ್ಟಲು ಭಗ್ಗೆಂದಿತು. ಅವನ ಮುಖ ಆ ಕಡೆ ತಿರುಗಿತು, ಭುಜ ಕುಗ್ಗಿತು, ನಳಿಗೆಯ ತುದಿ ಬಗ್ಗಿತು. ಗುಂಡು ಹಲಗೆ ತಲುಪುವ ಬಹಳ ಮೊದಲೇ ಮಣ್ಣಿಗೆ ಬಿದ್ದು ಧೂಳೆದ್ದಿತು.

ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಎರೆಹುಳ ಸತ್ತೋಯ್ತು ಕಣ್ರೋ," ಎಂದ ಒಬ್ಬ.

"ಇನ್ನೊಂದ್ಸಲ," ಎಂದ ಮೂಡಿ.

ಅಬ್ನರ್ ಮತ್ತೆ ತುಂಬಿದ. ಈ ಸಲ ಕೈ ನಡುಗಿಸಿದ, ಮದ್ದು ಚೆಲ್ಲಿದ, ಗುಂಡು ಕೆಳಗೆ ಬೀಳಿಸಿ ಹುಡುಕಿದ. ಮತ್ತೆ ಎತ್ತಿ, ಮತ್ತೆ ಅಳುಕಿದ. ಗುಂಡು ಹಲಗೆಯ ಮೇಲಿನಿಂದ ಹಾರಿ ಹೋಗಿ ಎಲ್ಲಿ ಬಿತ್ತೋ. ಮೂಡಿ ಅವನ ಮುಖವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಚೀಟಿಗೆ ಸಹಿ ಹಾಕಿದ.

ಬೆಟ್ಟ ಹತ್ತುವಾಗ ನಾನು ಬಾಯಿ ಮುಚ್ಚಲಿಲ್ಲ. ಅಬ್ನರ್ ಉಳಿದನಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷ.

"ಆ ಕಾಗೆ ಮಾತು ಎಲ್ಲಿಂದ ಬಂತೋ ನಿಂಗೆ?"

"ನಿಂದೇ ಸಾಮಾನು."

"ನಂಗಿಂತ ಚೆನ್ನಾಗಿ ಹೇಳ್ದೆ."

ಅವನು ಕೋವಿಯ ಬಟ್ಟಲನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಹೇಳಿದ, "ಹಲಗೆಗೆ ಗುರಿ ಇಡೋದು ಸುಲಭ, ಆಮೋಸ್. ಅದು ಒಂದು ಕಡೆ ಇರುತ್ತೆ. ತಪ್ಪಿಸೋದಿಕ್ಕೆ ಎಲ್ಲಿ ಗುರಿ ಇಡೋದು ಅಂತ ಗೊತ್ತಾಗ್ಲಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜನಕ್ಕೆ ರುಚಿ ಹತ್ತಿತ್ತು. ಚಳಿ ಶುರುವಾದರೆ ಕೋರ್ಟಿನ ಅಂಗಳದಲ್ಲಿ ಆಗಾಗ ಎತ್ತಿನ ಪಂದ್ಯ ನಡೆಯುತ್ತದೆ. ಒಂದು ಎತ್ತು ಕೊಯ್ದು, ಗುರಿಯಲ್ಲಿ ಮೊದಲು ಬಂದವರಿಗೆ ತೊಡೆ, ನಂತರದವರಿಗೆ ಮುಂಗಾಲು, ಆಮೇಲಿನವನಿಗೆ ಚರ್ಮ ಮತ್ತು ಕೊಬ್ಬು, ಕೊನೆಯವನಿಗೆ ಬೊಡ್ಡೆಯೊಳಗೆ ಎಲ್ಲರೂ ಹೊಡೆದ ಸೀಸ, ಅಗೆದುಕೊಂಡು ಹೋಗಬಹುದು. ಕರಿಯರನ್ನು ಆ ಪಂದ್ಯಕ್ಕೆ ಸೇರಿಸುತ್ತಿರಲಿಲ್ಲ. ಆ ವರ್ಷ ಟ್ರಿಪ್ಲೆಟ್ ನನಗೆ ಹೇಳಿ ಕಳಿಸಿದ, "ಮಾಮ, ಅಬ್ನರ್‌ನ ಕರ್ಕೊಂಡ್ ಬನ್ನಿ. ಪಂದ್ಯ ಶುರುವಾಗೋ ಮುಂಚೆ ನಾವೊಂಚೂರು ನಗ್ಬೇಕು."

"ಬರಲ್ಲ ಅನ್ನು," ಎಂದೆ ಅಬ್ನರ್‌ಗೆ.

"ಮೂಡಿ ಇರ್ತಾನೆ. ಬರೋ ವರ್ಷ ಚೀಟಿ ಬೇಕಲ್ಲ," ಎಂದ.

ಹೋದ. ಕೋವಿ ಎತ್ತಿದ, ಅಳುಕಿದ, ತಪ್ಪಿಸಿದ. ಜನ ಅವನಿಗೆ ಇನ್ನೊಮ್ಮೆ ಹೊಡೆಸಿದರು, ಮತ್ತೊಮ್ಮೆ ಹೊಡೆಸಿದರು. "ಇಷ್ಟು ಸೀಸ ಮಣ್ಣಿಗೆ ಸುರೀತ್ಯಲ್ಲೋ, ತಗೋ ನಮ್ದು," ಎಂದು ಬೊಡ್ಡೆಯ ಸೀಸವನ್ನು ಅವನಿಗೇ ಕೊಟ್ಟರು. ಅವನು ಥ್ಯಾಂಕ್ಸ್ ಹೇಳಿ, ಬಗ್ಗಿ ಅಗೆದುಕೊಂಡ. ಆಮೇಲೆ ಪ್ರತಿ ಪಂದ್ಯಕ್ಕೂ ಕರೆ ಬಂತು. ಪ್ರತಿ ಪಂದ್ಯಕ್ಕೂ ಹೋದ.

ಶನಿವಾರ ಬರುವುದು ನಿಲ್ಲಿಸಲಿಲ್ಲ. ದಿಂಡು ಎಳೆಯುತ್ತಿದ್ದ. ನಾನು ಹೇಳುತ್ತಿದ್ದೆ. ನಾನು ನಿಂತರೆ ಅವನು "ಮುಂದೆ" ಎನ್ನುತ್ತಿರಲಿಲ್ಲ. ನಿಂತಿದ್ದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ವಸಂತ ಕಾಲಿಟ್ಟ ಮೇಲೆ ಒಂದು ಬೆಳಗ್ಗೆ ಆಚೆ ದಡದಲ್ಲಿ ಕೋವಿಯ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಕುಲುಮೆಯಿಂದ ಹೊರಗೆ ಬಂದೆ. ಅಬ್ನರ್ ಒಂದು ಬೇಟೆಗೆ ಎರಡು ಗುಂಡು ಹೊಡೆದವನಲ್ಲ. ಆಮೇಲೆ ಮೂರನೆಯದೂ ಕೇಳಿತು. ಕೂಗಿದೆ, ಉತ್ತರ ಬರಲಿಲ್ಲ. ಕಣಿವೆ ಇಳಿದು ಹತ್ತಿ ಹೋದೆ.

ಅವನು ತನ್ನ ಹೊಲದ ಬೇಲಿಯ ಮೇಲೆ ಕೂತಿದ್ದ, ಕೋವಿ ತೊಡೆಯ ಮೇಲೆ.

"ಜಿಂಕೆ ಬಂದಿತ್ತು," ಎಂದ. "ಆ ಗೂಟದ ಹತ್ರ. ಕಲ್ಲು ಎಸೆದ್ರೆ ಬೀಳೋದು."

"ಗಾಳಿ ಇತ್ತೇನೋ."

"ಗಾಳಿ ಇರ್ಲಿಲ್ಲ. ನಾನು ಅಳುಕ್ದೆ, ಆಮೋಸ್. ಬೇಕಂತ ಅಲ್ಲ. ಬಟ್ಟಲು ಹತ್ತಿದ ತಕ್ಷಣ ಮುಖ ತಾನೇ ತಿರುಗಿ ಹೋಯ್ತು. ಮತ್ತೆ ಹಲಗೆ ಕಟ್ಟಿ ಎರಡು ಸಲ ನೋಡ್ದೆ. ತಾನೇ ತಿರುಗುತ್ತೆ."

ಅಳುಕು ಎಂಥದ್ದು ಎಂದು ಕೋವಿ ಮಾಡುವವನಿಗೆ ಹೇಳಿಕೊಡಬೇಕಾಗಿಲ್ಲ. ಹೊಸಬರಿಗೆ ಬರುತ್ತದೆ, ಬಿಡಿಸಬಹುದು. ಆದರೆ ಒಂದು ಚಳಿಗಾಲ ಪೂರ್ತಿ ಅದನ್ನೇ ಅಭ್ಯಾಸ ಮಾಡಿದವನಿಗೆ ಹೇಗೆ ಬಿಡಿಸುವುದು?

"ಕೇಪು ಹಾಕ್ಕೊಡ್ತೀನಿ," ಎಂದೆ. "ಬಟ್ಟಲೇ ಇರಲ್ಲ, ಕಣ್ಣೆದುರು ಬೆಂಕಿನೇ ಇರಲ್ಲ. ಅಳುಕಕ್ಕೆ ಕಾರಣವೇ ಇರಲ್ಲ."

"ಹಾಕು. ಕೇಪಿನ ಕೋವೀಲಿ ಹಲಗೆ ನಡುವಿಗೆ ಹೊಡೀತೀನಿ. ಬರೋ ಪಂದ್ಯದಲ್ಲಿ ಮೂಡಿ ಎದುರಿಗೆ ಮತ್ತೆ ಅಳುಕ್ಬೇಕು. ಆ ಬೆಂಕಿನೂ ಇಲ್ದೆ ಅಳುಕೋದು ಹೇಗೆ ಅಂತ ಕಲೀಬೇಕು." ಅವನು ಕೋವಿಯ ಮರವನ್ನು ಸವರಿದ. "ಕರಡಿ ನಿನ್ ಹತ್ರ ಬಂದಿತ್ತಲ್ಲ, ಈಗ ಬಂದ್ರೆ ನಾನು ಹೊಡೆಯಲ್ಲ. ಗುಂಡು ನಿಂಗೆ ಬೀಳುತ್ತೆ."

"ನಂಗೆ ಬಿದ್ರೂ ಪರ್ವಾಗಿಲ್ಲ ಕಣೋ, ನೀನಿರು," ಎಂದೆ. ತಮಾಷೆಗೆ ಹೇಳಿದ್ದು. ತಮಾಷೆಯ ಹಾಗೆ ಬರಲಿಲ್ಲ.

"ಕೋವಿ ಇಟ್ಕೊಳ್ಳೋ ಚೀಟಿ ಇದೆ," ಎಂದ. "ಹೊಡೆಯೋ ಚೀಟಿ ಇಲ್ಲ. ಇಂಡಿಯಾನಾದಲ್ಲಿ ಯಾರಿಗೂ ನಾನು ಗೊತ್ತಿಲ್ಲ. ಅಲ್ಲಿ ಹೋಗಿ ಒಂದಷ್ಟು ದಿನ ಬರೀ ಹಲಗೆಗೆ ಹೊಡೀತೀನಿ. ಕೈ ವಾಪಸ್ ಬಂದ್ರೂ ಬರ್ಬೋದು."

ಜೋಳ ಬಿತ್ತುವ ಮೊದಲೇ ಹೊರಟ. ನಾನು ದಾರಿಗೆ ಉಪ್ಪು ಹಾಕಿದ ಹಂದಿಮಾಂಸ ಕಟ್ಟಿಕೊಟ್ಟೆ, ಹೊಳೆಯವರೆಗೆ ಜೊತೆಗೆ ಹೋದೆ. ಅವನು ದಾಟಿ, ತಿರುಗಿ ನೋಡಿ, ಟೋಪಿ ಎತ್ತಿದ. ಆ ಕಡೆ ಬಳಸು ದಾರಿ, ಬೇಗ ಮರೆಯಾಗುತ್ತಾರೆ.

ಇದೆಲ್ಲ ಆಗಿ ತುಂಬಾ ವರ್ಷ ಆಯಿತು. ಟ್ರಿಪ್ಲೆಟ್ ಹೋದ, ಮೂಡಿ ಹೋದ, ನಿದ್ದೆ ಮಾಡುತ್ತಿದ್ದವನು ಈಗ ಪೂರ್ತಿ ನಿದ್ದೆ ಮಾಡುತ್ತಿದ್ದಾನೆ. ಕೋವಿಗಳು ಈಗ ಉತ್ತರದ ಕಾರ್ಖಾನೆಗಳಿಂದ ಪೆಟ್ಟಿಗೆಯಲ್ಲಿ ಬರುತ್ತವೆ, ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತದೆ. ನನ್ನ ಬೆಂಚಿನ ಮೇಲೆ ಕೋಳಿ ಮೊಟ್ಟೆ ಇಡುತ್ತದೆ. ಆದರೂ ಎತ್ತಿನ ಪಂದ್ಯಕ್ಕೆ ಇಳಿದು ಹೋಗುತ್ತೇನೆ. ಹೋದರೆ ಬೆಂಕಿಯ ಹತ್ತಿರ ಜಾಗ ಬಿಡುತ್ತಾರೆ, ಜೋಳದ ವಿಸ್ಕಿ ಕೊಡುತ್ತಾರೆ, ಮಾಮ ಕತೆ ಹೇಳಿ ಎನ್ನುತ್ತಾರೆ. ಉದ್ದದ ನಳಿಗೆಯದು ಯಾರಿಗೂ ಬೇಡ, ಗುಡ್ಡ ಸುತ್ತುವ ಗುಂಡಿನದು ಬೇಡ. ಅಬ್ನರ್‌ನದು ಬೇಕು. ಗುರಿ ಬಾರದ ಅಬ್ನರ್‌ನದು.

ಹೋದ ವರ್ಷ ಬೇರೆ ಕೌಂಟಿಯ ಒಬ್ಬ ಯುವಕ ಬಂದಿದ್ದ. ಒಳ್ಳೆಯವನು, ನಗುಮುಖದವನು. ನನ್ನನ್ನು ಗುರುತಿಸದೆ ಅವನೇ ಕತೆ ಶುರು ಮಾಡಿದ. ಆ ಕಾಗೆಗಳು ಬಂದವು, ಪಕ್ಕಕ್ಕೆ ನಿಲ್ಲದ ಜಿಂಕೆ ಬಂತು, ಪಾತ್ರೆ ಬಂತು, ನಾನು ಹೇಳದೆ ಇದ್ದ ಒಂದು ಹಸುವೂ ಬಂತು. ಎಲ್ಲರೂ ನಕ್ಕರು. ಚೆನ್ನಾಗಿ ಹೇಳಿದ, ಒಪ್ಪಬೇಕು.

"ಆ ಕತೆ ಕಟ್ಟಿದ್ದು ಇವ್ರೇ ಕಣಪ್ಪಾ," ಎಂದು ಯಾರೋ ನನ್ನನ್ನು ತೋರಿಸಿದರು.

"ಹೌದಾ ಅಜ್ಜ?" ಅವನು ಹತ್ತಿರ ಬಂದು ಕೂತ. "ಇನ್ನೊಂದು ಹೇಳಿ."

"ಅಬ್ನರ್ ಗೋಯಿನ್ಸ್‌ನಂಥ ಗುರಿಕಾರನ್ನ ನಾನು ನೋಡಿಲ್ಲ," ಎಂದೆ. "ಕಣಿವೆ ಆಚೆಯಿಂದ, ಗಾಳೀಲಿ, ಒಂದೇ ಗುಂಡಿಗೆ ಕರಡಿ ಬೀಳ್ಸಿ ನನ್ ಜೀವ ಉಳಿಸ್ದ. ಈ ಅಂಗಳದಲ್ಲಿ ಅವ್ನು ತಪ್ಪಿಸಿದ್ದೆಲ್ಲ ಬೇಕು ಅಂತ ತಪ್ಪಿಸಿದ್ದು."

ಬೆಂಕಿಯ ಸುತ್ತ ಇದ್ದವರೆಲ್ಲ ತೊಡೆ ತಟ್ಟಿ ನಕ್ಕರು. ಇದೇ ಎಲ್ಲಕ್ಕಿಂತ ಜೋರು ಎಂದರು. ನನ್ನ ಲೋಟಕ್ಕೆ ಇನ್ನೊಂದಿಷ್ಟು ಸುರಿದರು.

ಆ ಯುವಕ ಕಣ್ಣೊರೆಸಿಕೊಂಡು ನನ್ನ ಕಡೆ ಬಗ್ಗಿದ. "ಅಜ್ಜ, ಒಂದು ಮಾತು. ಅಬ್ನರ್ ಅನ್ನೋನು ನಿಜವಾಗ್ಲೂ ಇದ್ನಾ, ಇಲ್ಲ ಅವನನ್ನೂ ನೀವೇ ಕಟ್ಟಿದ್ದಾ?"

"ಇದ್ದ," ಎಂದೆ.

ಅವನು ನನ್ನ ಭುಜ ತಟ್ಟಿ, ನಗುತ್ತಾ ಎದ್ದು ಹೋದ.